ಕಫೀಲನಂಥ ಪುರಸಭೆ ಬೇಕಾಗಿದೆ

ಒಳ್ಳೆಯ ಕೆಲಸ ಮಾಡೋಣ ಎಂದು ನಾಲ್ಕು ಜನ ಸೇರಿದಲ್ಲೆಲ್ಲ ನನ್ನ ತಲೆ ಕೆಡಿಸುವ ಸಂಗತಿ ಒಂದಲ್ಲ ಒಂದು ನಡೆದೇ ನಡೆಯುತ್ತದೆ. ನಾನು ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ವಾಹನದ ಬಿಡಿಭಾಗ ಮಾರುವ ಕಂಪನಿಯೊಂದರ ಅಕೌಂಟೆಂಟ್. ಅಲ್ಲಿ ಸಿಟ್ಟು ಬಂದರೆ ನುಂಗಿಕೊಳ್ಳುತ್ತೇನೆ, ಸಂಬಳ ಕೊಡುತ್ತಾರೆ. ಶುಕ್ರವಾರ ಖೈತಾನಿನಲ್ಲಿ ನಮ್ಮ ಊರವರ ಟ್ರಸ್ಟಿನ ಸಭೆ. ಅಲ್ಲಿ ನಾನು ಸಂಬಳವಿಲ್ಲದ ಖಜಾಂಚಿ, ಹಾಗಾಗಿ ನುಂಗುವುದಿಲ್ಲ.

ಟ್ರಸ್ಟು ಇರುವುದು ಊರಿನಲ್ಲಿರುವ, ನಡೆಯಲಾಗದ ಮಕ್ಕಳ ಶಾಲೆಗಾಗಿ. ಅವರ ವ್ಯಾಯಾಮದ ಕೋಣೆಗೆ ತಗಡಿನ ಮಾಡು. ಬೇಸಗೆಯಲ್ಲಿ ಒಳಗೆ ಕೂರುವ ಹಾಗಿಲ್ಲ. ನನ್ನ ತಂಗಿಯ ಮಗಳೂ ಗಾಲಿಕುರ್ಚಿಯಲ್ಲಿ ಅಲ್ಲಿಗೇ ಹೋಗುತ್ತಾಳೆ. ಆ ಮಕ್ಕಳಿಗೊಂದು ಸರಿಯಾದ ಕಟ್ಟಡ ಆಗಬೇಕು, ಅಷ್ಟೇ ವಿಷಯ. ಅಷ್ಟನ್ನು ದೊಡ್ಡವರು ಸೇರಿ ಹೇಗೆ ಕೆಡಿಸಿದರು ಎಂಬುದು ಮುಂದಿದೆ.

ಒಂದು ಗಂಟೆಯ ಭಾಷಣ

ಅಮೆರಿಕದಲ್ಲಿರುವ ಗೆಳೆಯನೊಬ್ಬ ಫೋನಿನಲ್ಲಿ ಒಂದು ದಾರಿ ಹೇಳಿದ. ಅಲ್ಲಿ ಸೇವಾಸಂಸ್ಥೆಯ ಆಸ್ಪತ್ರೆಗೋ ಶಾಲೆಗೋ ಕಟ್ಟಡ ಬೇಕಾದರೆ ನಗರಸಭೆ ತನ್ನ ಹೆಸರಿನಲ್ಲಿ ಬಾಂಡ್ ಹೊರಡಿಸುತ್ತದಂತೆ. ಕೊಂಡವರಿಗೆ ಬಡ್ಡಿಯ ಮೇಲೆ ಆದಾಯ ತೆರಿಗೆ ಇಲ್ಲ, ಆದ್ದರಿಂದ ಅವರು ಕಡಿಮೆ ಬಡ್ಡಿಗೂ ಒಪ್ಪುತ್ತಾರೆ. ಬಂದ ಹಣ ಸಂಸ್ಥೆಗೆ, ತೀರಿಸುವುದೂ ಸಂಸ್ಥೆಯೇ. ನಗರಸಭೆ ಕೊಡುವುದು ಹೆಸರು ಮಾತ್ರ. ಸಂಸ್ಥೆ ಮುಳುಗಿದರೂ ನಗರಸಭೆಯ ಕೈಯಿಂದ ಏನೂ ಹೋಗುವುದಿಲ್ಲ.

ನಾನು ಇದನ್ನು ಸಭೆಯಲ್ಲಿ ಒಂದು ಗಂಟೆ ವಿವರಿಸಿದೆ. ಎಂಜಿನಿಯರುಗಳು, ಡಾಕ್ಟರುಗಳು, ಬ್ಯಾಂಕಿನವರು ಎಲ್ಲರೂ ನನ್ನ ಮುಖ ನೋಡುತ್ತಾ ಸಮೋಸಾ ತಿಂದರು. ಕೊನೆಗೆ ಮೂಲೆಯಲ್ಲಿದ್ದ ಬಕಾಲಾ ಸಾಹೇಬರು ಬಾಯಿಬಿಟ್ಟರು. ಖೈತಾನಿನಲ್ಲಿ ಅವರದೊಂದು ಬಕಾಲಾ, ಅಂದರೆ ದಿನಸಿ ಅಂಗಡಿಯಿದೆ. ಅದರ ಲೈಸೆನ್ಸ್ ಅವರ ಕಫೀಲನ, ಅಂದರೆ ಜಾಮೀನು ನಿಂತ ಕುವೈತಿಯ ಹೆಸರಿನಲ್ಲಿ. ದುಡಿಮೆ, ಸಾಲ, ನಷ್ಟ ಎಲ್ಲ ಇವರದು.

"ಇದು ನಮ್ಮ ಕಫೀಲ್ ಅಲ್ವಾ ಮಾರಾಯ್ರೆ? ಹೆಸರು ಅವನದ್ದು, ಮಂಡೆಬಿಸಿ ನಮ್ದು."

ಸಭೆಗೆ ಸಭೆಯೇ ತಲೆಯಾಡಿಸಿತು. ನನ್ನ ಒಂದು ಗಂಟೆ ನೀರುಪಾಲಾಯಿತು. ಆಮೇಲೆ ಪ್ರಶ್ನೆಗಳ ಸುರಿಮಳೆ. ನಗರಸಭೆ ವರ್ಷಕ್ಕೆ ಎಷ್ಟು ತಗೊಳ್ಳುತ್ತದೆ, ನಡುವೆ ಬೇಡವಾದರೆ ಬೇರೆ ಕಫೀಲನ ಹತ್ತಿರ ಹೋಗಲು ರಿಲೀಸ್ ಕೊಡುತ್ತದೆಯೇ? ಹೃದಯದ ಡಾಕ್ಟರೊಬ್ಬರು ಬಹಳ ಯೋಚಿಸಿ ಕೇಳಿದರು, ಮಕ್ಕಳ ಪಾಸ್‌ಪೋರ್ಟ್ ಕಫೀಲನ ಹಾಗೆ ನಗರಸಭೆಯೂ ಇಟ್ಟುಕೊಳ್ಳುತ್ತದೆಯೇ ಎಂದು.

ಡಬಲ್ ಲಾಭ

ಟ್ರಸ್ಟಿನ ಅಧ್ಯಕ್ಷರು ದೊಡ್ಡ ಎಂಜಿನಿಯರ್. ನನ್ನ ಭಾಷಣದಲ್ಲಿ ಅವರ ಕಿವಿಗೆ ಬಿದ್ದದ್ದು 'ತೆರಿಗೆ ಇಲ್ಲ' ಎಂಬುದೊಂದೇ. ಮುಂದಿನ ಶುಕ್ರವಾರದ ಹೊತ್ತಿಗೆ ಅಂಥ ಅಮೆರಿಕನ್ ಬಾಂಡುಗಳನ್ನು ತಾವೇ ಕೊಂಡು ಬಂದಿದ್ದರು. ಟ್ರಸ್ಟಿನ ಕಟ್ಟಡ ನಿಧಿಯನ್ನೂ ಅದರಲ್ಲೇ ಹಾಕೋಣ ಎಂದರು.

ನನಗೆ ಮೈಯೆಲ್ಲ ಉರಿಯಿತು. ಸರ್, ನಾವಿರುವುದು ಕುವೈತಿನಲ್ಲಿ, ನೀವು ಸಂಬಳದ ಮೇಲೆ ತೆರಿಗೆ ಕಟ್ಟುತ್ತೀರಾ ಎಂದು ಕೇಳಿದೆ. ಇಲ್ಲ ಎಂದರು. ಅಮೆರಿಕಕ್ಕೆ? ಅದೂ ಇಲ್ಲ. ಮತ್ತೆ ಇಲ್ಲದ ತೆರಿಗೆ ಉಳಿಸಲು ಕಡಿಮೆ ಬಡ್ಡಿ ಯಾಕೆ ಒಪ್ಪಿಕೊಂಡಿರಿ?

ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಮಗುವಿಗೆ ಹೇಳುವಂತೆ ಹೇಳಿದರು: "ಇಲ್ಲೂ ತೆರಿಗೆ ಇಲ್ಲ, ಅಲ್ಲೂ ತೆರಿಗೆ ಇಲ್ಲ. ಡಬಲ್ ಲಾಭ ಕಣ್ರೀ."

ಹೆಸರಿಗೇನು ಬರವೇ

ನಿಧಿ ಕೊಡುವುದಿಲ್ಲ ಎಂದು ನಾನು ಹಟ ಹಿಡಿದೆ. ಹಾಗಾದರೆ ಊರಿನ ಪುರಸಭೆಯನ್ನೇ ಕೇಳೋಣ ಎಂದು ಅಧ್ಯಕ್ಷರು ರಜೆಯಲ್ಲಿ ನನ್ನನ್ನೂ ಎಳೆದುಕೊಂಡು ಹೋದರು. ಪುರಸಭೆಯ ಅಧಿಕಾರಿ, ಶಾಲೆಗೆಂದು ಬಾಂಡ್ ಹೊರಡಿಸುವ ಕಾನೂನು ನಮ್ಮಲ್ಲಿಲ್ಲ ಎಂದು ಮೊದಲ ಮಾತಿಗೇ ಹೇಳಿದರು. ಆ ಕಟ್ಟಡದಲ್ಲಿ ಸರಿಯಾಗಿ ಮಾತಾಡಿದವರು ಅವರೊಬ್ಬರೇ. ಪುರಸಭಾಧ್ಯಕ್ಷರು ಮಾತ್ರ ನಮ್ಮನ್ನು ಬರಿಗೈಯಲ್ಲಿ ಕಳಿಸಲು ಒಪ್ಪಲಿಲ್ಲ.

"ಸಾಲ ಗೀಲ ನಮ್ಮಿಂದ ಆಗುದಿಲ್ಲ. ಹೆಸರು ಎಷ್ಟು ಬೇಕಾದ್ರೂ ತೆಕ್ಕೊಳ್ಳಿ. ಎಷ್ಟು ದೊಡ್ಡ ಅಕ್ಷರದಲ್ಲಿ ಹಾಕ್ತೀರಿ, ಅದೊಂದು ಹೇಳಿ."

ನಮ್ಮ ಅಧ್ಯಕ್ಷರು ಎದ್ದು ನಿಂತು ಕೈ ಮುಗಿದರು.

ಕಮಾನು

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಕುವೈತಿಗೆ ಮರಳಿ ಕಂಪನಿಯ ಆಡಿಟ್‌ನಲ್ಲಿ ಮುಳುಗಿದ್ದಾಗ ತಂಗಿ ಒಂದು ವಿಡಿಯೊ ಕಳಿಸಿದಳು. ಶಾಲೆಯ ಗೇಟಿನಲ್ಲಿ ಹೊಸ ಕಾಂಕ್ರೀಟ್ ಕಮಾನು. ಮೇಲೆ ಪುರಸಭೆಯ ಹೆಸರು, ಅದರ ಕೆಳಗೆ ಸದಸ್ಯರೆಲ್ಲರ ಹೆಸರು. ಇಷ್ಟು ಹೆಸರು ಹೊರಲು ದಪ್ಪ ಕಂಬಗಳೇ ಬೇಕಾಗಿದ್ದವು. ಕಂಬಗಳ ನಡುವೆ ಶಾಲೆಯ ವ್ಯಾನ್ ಹಿಡಿಸುತ್ತಿರಲಿಲ್ಲ. ಅದನ್ನು ರಸ್ತೆಯಲ್ಲೇ ನಿಲ್ಲಿಸಿದ್ದರು. ಜಲ್ಲಿಯಲ್ಲಿ ಗಾಲಿಕುರ್ಚಿ ಉರುಳದೆ, ಸುಡುವ ಬಿಸಿಲಿನಲ್ಲಿ ತಂಗಿ ತನ್ನ ಮಗಳನ್ನು ಎತ್ತಿಕೊಂಡು ಹೋಗುತ್ತಿದ್ದಳು. ಹಿಂದೆ ವ್ಯಾನಿನಲ್ಲಿ ಉಳಿದ ಮಕ್ಕಳು ತಮ್ಮ ಸರದಿಗಾಗಿ ಕಾಯುತ್ತಿದ್ದರು. ಕೋಣೆಯ ಮೇಲೆ ಅದೇ ತಗಡು.

ಕಮಾನಿನ ಖರ್ಚು ನಮ್ಮ ಕಟ್ಟಡ ನಿಧಿಯಿಂದ. ನಮ್ಮ ಟ್ರಸ್ಟಿನ ಅಧ್ಯಕ್ಷರೂ ಕಾರ್ಯದರ್ಶಿಯೂ ಸೇರಿ ನನಗೆ ಹೇಳದೆ ಚೆಕ್ ಕೊಟ್ಟಿದ್ದರು.

ಆ ಶುಕ್ರವಾರ ನಾನು ಕೂಗಾಡಿದ್ದು ಕೆಳಗಿನ ಬೀದಿಗೂ ಕೇಳಿಸಿರಬೇಕು. ಅಮೆರಿಕದಲ್ಲಿ ನಗರ ಹೆಸರು ಕೊಟ್ಟು ಶಾಲೆಗೆ ಹಣ ತರುತ್ತದೆ, ನಾವು ಶಾಲೆಯ ಹಣ ಕೊಟ್ಟು ಪುರಸಭೆಯ ಹೆಸರು ತಂದೆವು, ನಾಚಿಕೆಯಾಗಬೇಕು ಎಂದೆ. ಸಂಬಂಧ ಬೆಳೆಯಲಿ ಅಂತ ಮಾಡಿದ್ದು ಎಂದರು ಅಧ್ಯಕ್ಷರು. ವ್ಯಾನ್ ಹೋಗದಿದ್ದರೆ ಸಣ್ಣ ವ್ಯಾನ್ ತಗೊಳ್ಳೋಣ ಎಂದೂ ಸೇರಿಸಿದರು.

ಯಾರೂ ಸಮೋಸಾ ಮುಟ್ಟಲಿಲ್ಲ. ಬಕಾಲಾ ಸಾಹೇಬರು ನನ್ನ ಫೋನ್ ತೆಗೆದುಕೊಂಡು ವಿಡಿಯೊವನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಅಧ್ಯಕ್ಷರ ಕಡೆ ತಿರುಗಿದರು.

"ನಾನು ಅವತ್ತು ನಗರಸಭೆಯನ್ನು ಕಫೀಲ್ ಅಂದದ್ದು ತಪ್ಪು ಸರ್, ನನ್ನ ಕಫೀಲನಿಗೆ ಅವಮಾನ ಮಾಡಿದೆ. ಅವನು ವರ್ಷ ವರ್ಷ ದುಡ್ಡು ತಗೊಳ್ತಾನೆ, ಹೌದು. ಆದ್ರೆ ನನ್ನ ಅಂಗಡಿ ಬಾಗಿಲಿಗೆ ಅಡ್ಡ ನಿಲ್ಲೋದಿಲ್ಲ."