ಗೋರಾ ಮುತ್ಯಾನ ಹೆಸರು

ಸತ್ತವನೊಬ್ಬನ ಹೆಸರು ಹುಡುಕಲು ಹೊರಟವನಿಗೆ ಬದುಕಿರುವವರು ಎಂಥೆಂಥ ಉತ್ತರ ಕೊಡುತ್ತಾರೆ ಅನ್ನುವುದಕ್ಕೆ ಕೊನೆಯೇ ಇಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೇನು ಕೇಳಬೇಕು ಅಂದುಕೊಂಡು ಮನೆಗೆ ಬರುತ್ತೇನೆ, ಮುಂದಿನ ವಾರ ಅದನ್ನೂ ಕೇಳುತ್ತೇನೆ.

ನಾನು ವಾಡಿ ಜಂಕ್ಷನ್ನಿನಲ್ಲಿ ಮೂವತ್ತು ವರ್ಷ ಟಿಕೆಟ್ ಕೊಟ್ಟು ನಿವೃತ್ತನಾದವನು. ನನ್ನ ಅವ್ವನ ಕಣ್ಣು ನೀಲಿ. ಅವಳ ಅಜ್ಜನ ಅಪ್ಪ ಐರ್ಲೆಂಡಿನವನಂತೆ. ಕಂಪನಿ ಸರ್ಕಾರದ ಫೌಜಿನಲ್ಲಿ ಬಂದವನು, ದಂಗೆ ಎದ್ದಾಗ ಬಂದೂಕು ಆಚೆ ತಿರುಗಿಸಿ ನಮ್ಮವರ ಕಡೆ ನಿಂತು ಬಡಿದಾಡಿದನಂತೆ. ದಂಗೆ ಸೋತಿತು. ಅವನು ಚಿಂಚೋಳಿ ಅಡವಿಗೆ ಓಡಿಬಂದು, ಇಲ್ಲಿನವಳನ್ನೇ ಮದುವೆಯಾಗಿ, ಕುರಿ ಕಾಯ್ದುಕೊಂಡು ತೀರಿಹೋದ. ಬ್ರಿಟಿಷರ ಹೆದರಿಕೆಗೆ ಹೆಸರು ಮುಚ್ಚಿಟ್ಟರು. ಮನೆಯಲ್ಲಿ ಅವನು ಬರೀ ಗೋರಾ ಮುತ್ಯಾ, ಬಿಳಿಯಜ್ಜ.

ಹೋದ ವರ್ಷ ಡಾಕ್ಟರು, ಅವ್ವನ ಹೃದಯ ಸೋತಿದೆ, ಹೆಚ್ಚು ದಿನ ಇಲ್ಲ ಅಂದರು. ಅವ್ವ ನನ್ನನ್ನು ಹತ್ತಿರ ಕರೆದಳು. “ಹಿರಿಯರ ಅಮಾಸಿಗಿ ಎಲ್ಲಾರ ಹೆಸರು ಹಿಡದು ಎಡಿ ಇಡ್ತೀವಿ. ಅವನೊಬ್ಬನ ಎಡಿಗಿ ಹೆಸರಿಲ್ಲ. ನಾ ಹೋಗೂದ್ರಾಗ ಹುಡುಕಿಕೊಂಡು ಬಾ” ಅಂದಳು.

ಚಿತ್ತಾಪುರದಲ್ಲಿ

ಹಳೆಯ ಕಾಗದಪತ್ರ ಸಿಗಬಹುದೆಂದು ಅಲ್ಲಿನ ಒಂದು ಕಚೇರಿಗೆ ಹೋದೆ. ಗುಮಾಸ್ತ ಒಳ್ಳೆಯವನು. “ಬರ್ರಿ, ಕುಂದ್ರಿ” ಅಂದು ಅರ್ಜಿ ಓದಿದ.

“ಮರಣ ಪತ್ರ ಎಲ್ಲದರಿ?”

“ಅವರು ಸತ್ತು ನೂರು ವರ್ಷದ ಮ್ಯಾಲಾತು. ಎಲ್ಲಿಂದ ತರಲಿ?”

“ಅಂದ್ರ ಸತ್ತಾರಂತ ದಾಖಲಾ ಇಲ್ಲ.”

“ಇಲ್ಲ.”

ಗುಮಾಸ್ತ ಅರ್ಜಿ ಮಡಚಿ ನನ್ನ ಕೈಗೇ ಕೊಟ್ಟ. “ದಾಖಲಾ ಇಲ್ಲಂದ್ರ ಕಾಯ್ದೆ ಪ್ರಕಾರ ಅವರಿನ್ನಾ ಬದುಕ್ಯಾರ್ರಿ. ಒಂದು ಕೆಲಸ ಮಾಡ್ರಿ, ಅವರನ್ನೇ ಕಳಸ್ರಿ. ಖುದ್ದು ಬಂದು ಅರ್ಜಿ ಕೊಟ್ರ ಲಗೂ ಆಗತದ.”

ಸೇಡಂನಲ್ಲಿ

ಎಲ್ಲ ಇಂಟರ್ನೆಟ್ಟಿನಲ್ಲಿ ಇದೆ ಅಂತ ಯಾರೋ ಹೇಳಿದರು. ಸೇಡಂ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯವನ ಮುಂದೆ ಕೂತು ಕಥೆಯೆಲ್ಲ ಹೇಳಿದೆ. ಅವನು ಅರ್ಧ ತಾಸು ಕೀಬೋರ್ಡ್ ಬಡಿದು, ಒಂದು ಕಟ್ಟು ಕಾಗದ ಪ್ರಿಂಟ್ ತೆಗೆದು ಕೊಟ್ಟ.

“ಸಿಕ್ಕಾನ್ರಿ ನಿಮ್ಮ ಮುತ್ಯಾ.”

ಕನ್ನಡಕ ಹಾಕಿಕೊಂಡು ಓದಿದೆ. ಹೆಸರಿತ್ತು, ಊರಿತ್ತು, ಐರ್ಲೆಂಡಿನಿಂದ ಹಡಗು ಹತ್ತಿದ್ದೂ ಇತ್ತು. ಆದರೆ ಆ ಮನುಷ್ಯ ಇಳಿದದ್ದು ಅಮೆರಿಕದಲ್ಲಿ. ಬಡಿದಾಡಿದ್ದು ಅಲ್ಲಿನ ಕ್ರಾಂತಿಯಲ್ಲಿ.

“ಇಂವ ಬ್ಯಾರೆ ಅದಾನಪ್ಪ” ಅಂದೆ.

“ಇಂವನೂ ಐರ್ಲೆಂಡ್, ಇಂವನೂ ಬ್ರಿಟಿಷರ ಸಂಗಟ ಬಡದಾಡ್ಯಾನ. ಇನ್ನೇನು ಬೇಕ್ರಿ?”

“ಇಂವ ಹಿಂದುಸ್ತಾನಕ್ಕ ಬಂದಾನಂತ ಎಲ್ಲ್ಯೂ ದಾಖಲಾ ಇಲ್ಲಲ್ಲ.”

“ನಿಮ್ಮಂವನೂ ಬಂದಾನಂತ ಎಲ್ಲದರಿ?” ಅಂದ.

ಕಾಗದದ ಕಟ್ಟು ಹಿಡಿದುಕೊಂಡು ಬಸ್ಸು ಹತ್ತಿದೆ.

ಶಹಾಬಾದಿನಲ್ಲಿ

ಆಮೇಲೆ ಒಂದು ಗಟ್ಟಿ ಸುದ್ದಿ ಬಂತು. ಗೋರಾ ಮುತ್ಯಾ ಸತ್ತಾಗ ಅವನ ಮಗ ಶಹಾಬಾದಿನ ಕಲ್ಲುಕುಟಿಗನೊಬ್ಬನಿಗೆ ಹೇಳಿ, ಗೋರಿಗೆಂದು, ನೆಲಕ್ಕೆ ಹಾಸುವ ಒಂದು ಪರಸಿ ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಹೆಸರು ಕೆತ್ತಿಸಿದ್ದನಂತೆ. ಆಮೇಲೆ ಹೆದರಿ ಒಯ್ಯಲೇ ಇಲ್ಲ. ಕಲ್ಲು ಆ ಕುಟಿಗನ ಮನೆಯಲ್ಲೇ ಉಳಿಯಿತು.

ಮೂರು ಸಲ ಓಡಾಡಿ ಆ ಮನೆ ಪತ್ತೆ ಹಚ್ಚಿದೆ. ಕಲ್ಲು ಇತ್ತು. ಹಿತ್ತಲಲ್ಲಿ ಅದರ ಮೇಲೆ ಮನೆಯ ಹಿರಿಯ ಹೆಣ್ಣುಮಗಳು ಬಟ್ಟೆ ಒಗೆಯುತ್ತಿದ್ದಳು.

“ಇದರ ಮ್ಯಾಲ ಅಕ್ಷರ ಇದ್ದವೇನವ್ವಾ?”

“ಇದ್ದವರಿ. ನಾ ಮದಿವಿ ಆಗಿ ಬಂದಾಗ ನಾಕ ಸಾಲು ಇದ್ದವು.”

ಸಾಬೂನಿನ ನೊರೆ ಸರಿಸಿ ಕಲ್ಲಿನ ಉದ್ದಕ್ಕೂ ಬೆರಳಾಡಿಸಿದೆ. ಕನ್ನಡಿಯ ಹಾಗೆ ನುಣ್ಣಗಾಗಿತ್ತು. ಅಲ್ಲೇ ಒದ್ದೆ ನೆಲದ ಮೇಲೆ ಕೂತೆ. ನನ್ನ ಮುಖ ನೋಡಿ ಆಕೆಯೂ ಸಣ್ಣ ಮುಖ ಮಾಡಿದಳು.

“ನನಗೂ ಭಾಳ ಬ್ಯಾಸರ ಅದರಿ. ಅಕ್ಷರ ಇದ್ದಾಗ ಕಾಲರಿನ ಹೊಲಸು ಒಂದೇ ತಿಕ್ಕಿಗಿ ಹೋಗತಿತ್ತು. ಈಗ ಎಷ್ಟ ತಿಕ್ಕಿದ್ರೂ ಹೋಗವಲ್ದು.”

ಚಿಮ್ಮನಚೋಡದಲ್ಲಿ

ಕೊನೆಗೆ ಉಳಿದವಳು ಅತ್ತೆ, ನನ್ನ ತೀರಿಹೋದ ಸೋದರಮಾವನ ಹೆಂಡತಿ. ಎಂಬತ್ತೆಂಟು ವರ್ಷ. ಏನೂ ಗೊತ್ತಿರಲಿಕ್ಕಿಲ್ಲ ಅಂದುಕೊಂಡೇ ಕೇಳಿದೆ.

“ಗೊತ್ತದಲ್ಲ” ಅಂದಳು. “ನಿಮ್ಮ ಮಾವ ಸಾಯೂ ಮುಂದ ಹೇಳ್ಯಾನ.”

ಆಕೆಯ ಹತ್ತಿರ ಸರಿದು ಕೂತೆ. “ಹೇಳು ಅತ್ತಿ.”

“ನಾ ಹ್ಯಾಂಗ ಹೇಳಲಿ? ನಾ ಆ ಮನಿ ಸೊಸಿ. ಹಿರಿಯರ ಹೆಸರು ಬಾಯಾಗ ತೊಗೋಬಾರದು.”

“ಬರದು ಕೊಡು.”

“ಬರಿಲಿಕ್ಕಿ ಬರಂಗಿಲ್ಲ.”

ಒಂದು ತಾಸು ಕೈಕಾಲು ಹಿಡಿದೆ. ಕೊನೆಗೆ ಆಕೆಯೇ ದಾರಿ ಹುಡುಕಿದಳು. “ನೀ ಬ್ಯಾರೆ ಮನಿಯಂವ. ನಿಮ್ಮವ್ವ ಈ ಮನಿ ಮಗಳು, ಆಕಿ ಹೆಸರು ತೊಗೋಬಹುದು. ಆಕಿ ಒಂದೊಂದೇ ಹೇಳಲಿ, ನಾ ಹೌದೋ ಅಲ್ಲೋ ಅಂತೀನಿ.”

ವಾಡಿಗೆ ಫೋನು ಹಚ್ಚಿದೆ. ಅವ್ವ ಹಾಸಿಗೆಯಲ್ಲಿ ಎದ್ದು ಕೂತಳಂತೆ, ಶುರು ಮಾಡಿದಳು. “ಜಾನ್?” “ಅಲ್ಲ.” “ಡೇವಿಡ್?” “ಅಲ್ಲ.” “ಜೋಸೆಫ್?” “ಅಲ್ಲ.” ಉಸಿರು ಸಾಲದೆ ಅವ್ವ ಸುಮ್ಮನಾದಾಗ ಅತ್ತೆ, “ನಾಳಿ ಮತ್ತ ಮಾಡು” ಅಂದಳು.

ನಾನು ವಾಡಿಗೆ ಮರಳಿದ ಮೇಲೂ ದಿನಾ ಹತ್ತು ಗಂಟೆಗೆ ಫೋನಿನಲ್ಲಿ ಇದೇ ಆಯಿತು. ರೈಲ್ವೆ ಕಾಲನಿಯಲ್ಲಿ ಅವ್ವನಿಗೆ ಗೊತ್ತಿದ್ದ ಕ್ರಿಶ್ಚಿಯನ್ ಹೆಸರುಗಳೆಲ್ಲ ಮೂರು ದಿನಕ್ಕೆ ಮುಗಿದವು. ನಾಲ್ಕನೆಯ ದಿನ ಬೇರೆ ಏನೂ ತೋಚದೆ ಗುಳಿಗೆ ಚೀಟಿ ಎತ್ತಿಕೊಂಡು, ನನ್ನಿಂದ ಓದಿಸಿಕೊಂಡು, ಒಂದೊಂದೇ ಹೇಳಿದಳು.

“ಪ್ಯಾರಾಸಿಟಮಾಲ್ ಏನ?”

ಅತ್ತೆ ಇನ್ನೊಮ್ಮೆ ಹೇಳಿಸಿಕೊಂಡಳು. “ಸನೀಪ ಬಂದಿ” ಅಂದಳು.

ಅವತ್ತು ಅವ್ವ ಎರಡು ರೊಟ್ಟಿ ಉಂಡಳು. ನಾನು ಕೂತು ‘ಪ’ದಿಂದ ಶುರುವಾಗುವ ಹೆಸರುಗಳನ್ನೆಲ್ಲ ಒಂದು ಹಾಳೆ ತುಂಬ ಬರೆದೆ. ಮರುದಿನ ಬೆಳಗ್ಗೆ ಹಾಳೆ ಹಿಡಿದು ಅವ್ವನ ಹತ್ತಿರ ಹೋದರೆ ಅವ್ವ ಹೋಗಿಬಿಟ್ಟಿದ್ದಳು.

ಮಧ್ಯಾಹ್ನ ಅತ್ತೆ ಜೀಪಿನಲ್ಲಿ ಬಂದಳು. ಅಳಲಿಲ್ಲ. ನೆಟ್ಟಗೆ ಹೋಗಿ ಅವ್ವನ ತಲೆಯ ಹತ್ತಿರ ಕೂತು, ಬಗ್ಗಿ, ಸೆರಗು ಅಡ್ಡ ಹಿಡಿದು, ಕಿವಿಯಲ್ಲಿ ಏನೋ ಹೇಳಿದಳು. ನಾನು ಓಡಿ ಬಂದು ಕೇಳಿಸಿಕೊಳ್ಳುವಷ್ಟರಲ್ಲಿ ಮುಗಿದಿತ್ತು.

“ಹೆಸರು ಹೇಳಿದೇನು ಅತ್ತಿ?”

“ಹೂಂ. ಸತ್ತವರ ಕಿವ್ಯಾಗ ಹೇಳಿದ್ರ ದೋಷ ಇಲ್ಲ.”

ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಒಮ್ಮೆಲೇ ಬಂತು. ಅರವತ್ತೈದು ವರ್ಷದವನು ಎಲ್ಲರೆದುರು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಅತ್ತೆಗೆ ಕನಿಕರ ಬಂತು. ಹತ್ತಿರ ಸರಿದು ನನ್ನ ತಲೆ ನೇವರಿಸಿ, ಮೆಲ್ಲಗೆ ಅಂದಳು:

“ಅಳಬ್ಯಾಡ ನನ್ನಪ್ಪ. ನೀ ಸತ್ತಾಗೂ ಬರತೀನಿ.”