ನಮ್ಮ ಕಾರಿನ ಸುಟ್ಟ ವಾಸನೆ

ಮೂಗು ಇರುವುದು ಉಸಿರಾಡಲಿಕ್ಕೆ ಎಂದು ನಂಬಿಕೊಂಡು ನಾನು ಇಷ್ಟು ಕಾಲ ಸುಖವಾಗಿದ್ದೆ. ನಮ್ಮ ಕಾರಿನಲ್ಲಿ ಸುಟ್ಟ ವಾಸನೆ ಬರತೊಡಗಿದ ಮೇಲೆ ಆ ಸುಖ ಹೋಯಿತು. ಸದ್ದಾದರೆ ಎಲ್ಲಿಂದ ಎಂದು ಕಿವಿ ಹೇಳುತ್ತದೆ, ಎಣ್ಣೆ ಸೋರಿದರೆ ನೆಲದ ಮೇಲೆ ಕಲೆ ಬೀಳುತ್ತದೆ. ವಾಸನೆಗೆ ಮಾತ್ರ ವಿಳಾಸವೇ ಇಲ್ಲ. ಬಂತು ಅನ್ನುವಷ್ಟರಲ್ಲಿ ಹೋಗಿರುತ್ತದೆ. ಹೋಯಿತಲ್ಲ ಎಂದು ಗಾಜು ಏರಿಸಿದರೆ ಮತ್ತೆ ಹಾಜರು. ನಾನು ಮೊದಲೇ ಕೂತಲ್ಲಿ ಕೂರುವವನಲ್ಲ. ಊಟದ ನಡುವೆ ಎದ್ದು ಹೋಗಿ ಬಾನೆಟ್ ಎತ್ತಿ ಮೂಸುತ್ತಿದ್ದೆ. ಪಕ್ಕದ ಮನೆಯಲ್ಲಿ ಕಾಫಿಬೀಜ ಹುರಿದರೂ ಅಂಗಳಕ್ಕೆ ಓಡುತ್ತಿದ್ದೆ. "ಕಾರಿಗೆ ಏನಾಗೈತೋ ನನಗೊತ್ತಿಲ್ಲ, ಇವನಿಗಂತೂ ಏನೋ ಆಗೈತೆ" ಎಂದು ಅಮ್ಮ ಮನೆಗೆ ಬಂದವರಿಗೆಲ್ಲ ಹೇಳತೊಡಗಿದಳು.

ಈ ಪ್ರಕರಣದಲ್ಲಿ ನಾನು ಮೊದಲು ಹಿಡಿದ ಆರೋಪಿ ನನ್ನ ಹೆಂಡತಿ ಸುಜಾತ. ಅವಳು ಪಾಳ್ಯದ ಶಾಲೆಯಲ್ಲಿ ಟೀಚರ್. ದಿನಾ ಬಸ್ಸಿಗೆ ಕಾದು ಕಾದು ಬೇಸತ್ತು, ಹಟ ಹಿಡಿದು ಇದೇ ಕಾರಿನಲ್ಲಿ ಡ್ರೈವಿಂಗ್ ಕಲಿತು, ಲೈಸೆನ್ಸನ್ನೂ ತಂದಿದ್ದಳು. ಇನ್ನೇನು ಕಾರಿನಲ್ಲೇ ಶಾಲೆಗೆ ಹೋಗಬೇಕು ಅನ್ನುವಾಗ ಈ ವಾಸನೆ ಶುರುವಾಯಿತು. "ಹೊಸಬರು ಕ್ಲಚ್ ಮೇಲೇ ಕಾಲಿಟ್ಕೊಂಡು ಓಡಿಸ್ತಾರೆ, ಅದಕ್ಕೇ ಸುಡ್ತಿರೋದು. ಇದು ಸರಿಯಾಗೋವರೆಗೂ ನೀನು ಮುಟ್ಟಬೇಡ" ಎಂದು ಹೇಳಿ ಕೀಯನ್ನು ನನ್ನ ಜೇಬಿಗೆ ಹಾಕಿಕೊಂಡೆ. ಅಪ್ಪನ ಜೀಪಿನಲ್ಲಿ, ತೋಟದ ಕೆಸರಿನಲ್ಲಿ ಕಲಿತವನು ನಾನು. ಆ ಠೀವಿ ಬೇರೆ. ಅವಳು ಬ್ಯಾಗ್ ಎತ್ತಿಕೊಂಡು ಬಸ್ಸಿಗೆ ನಡೆದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಕಾರು ಮುಟ್ಟದೆ ವಾರಗಳೇ ಕಳೆದರೂ ವಾಸನೆ ಹೋಗಲಿಲ್ಲ. ಆಗ ನನಗೆ ನಾಚಿಕೆಯಾಗಬೇಕಿತ್ತು, ಆದರೆ ಬಂದದ್ದು ಸಿಟ್ಟು.

ಆಮೇಲೆ ಇಲಿಯ ಮೇಲೆ ಅನುಮಾನಪಟ್ಟೆ. ಇಲಿ ವೈರು ಕಡಿದಿರಬೇಕು ಎಂದು ಟಾರ್ಚ್ ಹಿಡಿದು ಹುಡುಕಿದೆ. ಸೈಲೆನ್ಸರಿಗೆ ಪ್ಲಾಸ್ಟಿಕ್ ಕವರ್ ಅಂಟಿರಬಹುದೆಂದು ಕಾರಿನಡಿ ಮಲಗಿ ನೋಡಿದೆ. ಬೆನ್ನಿಗೆ ಕೆಸರು ಅಂಟಿತು. ಕೊನೆಗೆ ಬಾಳ್ಳುಪೇಟೆಯ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಬಾನೆಟ್ ಎತ್ತಿ ಎಲ್ಲ ನೋಡಿ, ಹೈವೇಯಲ್ಲಿ ಜುಮ್ಮಂತ ಓಡಿಸಿಕೊಂಡು ಬಂದ. ವಾಸನೆಯ ಸುಳಿವೇ ಇಲ್ಲ.

"ಚೆನ್ನಾಗೇ ಐತಲ್ಲ ಸಾರ್. ಎಲ್ಲಿ ಬರುತ್ತೆ ವಾಸನೆ?"

"ನಮ್ಮೂರ ದಾರೀಲಿ."

"ದಾರಿ ರಿಪೇರಿ ನಾನ್ ಮಾಡಲ್ಲ ಸಾರ್" ಎಂದು ಅವನು ಕೈ ಒರೆಸಿಕೊಂಡ.

ಆ ಭಾನುವಾರ ಹೆತ್ತೂರಿನಲ್ಲಿ ಸುಜಾತಳ ಅಣ್ಣನ ಮಗಳ ನಿಶ್ಚಿತಾರ್ಥ. ಹೊರಡುವಾಗ ಅವಳು ನನ್ನ ಪಕ್ಕದಲ್ಲಿ ಕೂರದೆ ಹಿಂದಿನ ಸೀಟಿನಲ್ಲಿ ಕೂತಳು. "ನೀವು ಓಡ್ಸಿ, ನಾನು ಮೂಸ್ತೀನಿ" ಎಂದಳು. ಊರು ದಾಟಿ ಏರು ಹತ್ತುತ್ತಿದ್ದ ಹಾಗೆ ಪಕ್ಕದ ತೋಟದ ಪುಟ್ಟಸ್ವಾಮಣ್ಣ ಎದುರಾದ. ಇಲ್ಲಿ ನಮ್ಮ ಕಡೆಯ ಒಂದು ಮರ್ಯಾದೆಯ ವಿಷಯ ಹೇಳಬೇಕು. ಪರಿಚಯದವರು ಕಂಡರೆ ಕಾರು ನಿಲ್ಲಿಸದೆ ಹೋಗುವ ಹಾಗಿಲ್ಲ. ಹೋದರೆ ಕೊಬ್ಬು ಬಂದಿದೆ ಅನ್ನುತ್ತಾರೆ. ನಿಲ್ಲಿಸಿ ಎಂಜಿನ್ ಆಫ್ ಮಾಡುವ ಹಾಗೂ ಇಲ್ಲ. ಮಾಡಿದರೆ ಮನೆಗೇ ಬಂದೆವೆಂದುಕೊಂಡು ಕಾಫಿಗೆ ಎಳೆದೊಯ್ಯುತ್ತಾರೆ. ಹ್ಯಾಂಡ್‌ಬ್ರೇಕ್ ಎಳೆಯುವುದೂ ಒಂಥರಾ ಚಾಪೆ ಹಾಸಿ ಕೂತ ಹಾಗೆ. ಅದಕ್ಕೇ ಕಾರನ್ನು ಅರ್ಧ ಒತ್ತಿದ ಕ್ಲಚ್ಚಿನಲ್ಲಿ, ಮುಂದಕ್ಕೂ ಹೋಗದಂತೆ ಹಿಂದಕ್ಕೂ ಜಾರದಂತೆ ಏರಿನಲ್ಲೇ ಹಿಡಿದುಕೊಂಡು, 'ಹೊರಟೆ, ಹೊರಟೆ' ಅನ್ನುತ್ತಾ ಮಾತಾಡುವುದು ನಮ್ಮ ಪದ್ಧತಿ.

"ಎತ್ಲಾಗೆ ಮಾರಾಯ?" ಎಂದು ಪುಟ್ಟಸ್ವಾಮಣ್ಣ ಕಿಟಕಿಗೆ ಮೊಣಕೈ ಊರಿದ.

"ಹೆತ್ತೂರಿಗೆ. ಹೊರಟೆ ಕಣಣ್ಣ."

"ಹೋಗುವಂತೆ ಇರು. ರಾತ್ರಿ ಆನೆ ಬಂದು ಬಾಳೆಯೆಲ್ಲ ತಿಂದು ಹೋಗ್ಬುಟ್ಟೈತೆ."

ಆನೆ ಹಳ್ಳ ದಾಟಿತು, ಬೇಲಿ ಮುರಿಯಿತು, ಪಂಪ್‌ಹೌಸಿಗೆ ಬೆನ್ನು ಉಜ್ಜಿತು. ನಾನೂ ನಮ್ಮ ತೋಟಕ್ಕೆ ಬಂದ ಹಳೆಯ ಆನೆಯೊಂದನ್ನು ನಡುವೆ ನುಗ್ಗಿಸಿದೆ. ಎರಡೂ ಆನೆಗಳು ಇನ್ನೂ ತೋಟದಲ್ಲೇ ಇದ್ದಾಗ ಹಿಂದಿನಿಂದ ಸುಜಾತ, "ಬಂತು" ಎಂದಳು.

"ಹೌದು ಕಣೋ, ಏನೋ ಸುಡ್ತಾ ಐತೆ" ಎಂದು ಪುಟ್ಟಸ್ವಾಮಣ್ಣನೂ ಮೂಗರಳಿಸಿದ.

"ಅಣ್ಣ, ಸ್ವಲ್ಪ ಮುಂದೆ ಹೋಗಿ ಬಾನೆಟ್ ಹತ್ರ ಮೂಸು. ನನಗೆ ಕ್ಲಚ್ಚಿಂದ ಕಾಲು ತೆಗೆಯಕ್ಕಾಗಲ್ಲ" ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಪುಟ್ಟಸ್ವಾಮಣ್ಣ ಬಾನೆಟ್ ಮೂಸಲು ಹೋದ. ಸುಜಾತ ಮುಂದಕ್ಕೆ ಬಾಗಿ ನನ್ನ ಎಡಗಾಲನ್ನೇ ನೋಡುತ್ತಿದ್ದಳು. "ಕಾರಿಗೆ ಏನೂ ಆಗಿಲ್ಲ ಕಣ್ರೀ. ನಿಮಗೆ ಹೊರಡ್ತೀನಿ ಅಂತ ಹೇಳಿ ಹೊರಡಕ್ಕೆ ಬರಲ್ಲ, ಅಷ್ಟೇ" ಎಂದಳು. ಆಮೇಲೆ ಬಾಗಿಲು ತೆಗೆದು ಇಳಿದು, ನನ್ನ ಕಡೆಗೆ ಬಂದು ನಿಂತಳು. ನಾನು ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ. ರೋಗವನ್ನು ಸರಿಯಾಗಿಯೇ ಹೇಳಿದ್ದೆ. ಕಾಲು ಯಾರದು ಅನ್ನುವುದರಲ್ಲಿ ಮಾತ್ರ ತಪ್ಪಿದ್ದೆ. ಹೆತ್ತೂರಿನವರೆಗೂ ಅವಳೇ ಓಡಿಸಿದಳು. ಪಕ್ಕದಲ್ಲಿ ಕೂತ ನಾನು ಪ್ರತಿ ಏರಿನಲ್ಲೂ ಎಡಗಾಲಲ್ಲಿ ಮ್ಯಾಟ್ ಒತ್ತುತ್ತಿದ್ದೆ.

ಮೆಕ್ಯಾನಿಕ್ ಸುಟ್ಟು ಸವೆದಿದ್ದ ಕ್ಲಚ್ ಪ್ಲೇಟ್ ತೆಗೆದು ಹೊಸದು ಹಾಕಿಕೊಟ್ಟ. ಈಗ ಸುಜಾತ ದಿನಾ ಕಾರಿನಲ್ಲಿ ಪಾಳ್ಯಕ್ಕೆ ಹೋಗುತ್ತಾಳೆ. ಯಾರಾದರೂ ಸಿಕ್ಕರೆ ಸಣ್ಣಗೆ ಹಾರ್ನ್ ಮಾಡಿ, ನಕ್ಕು, ಮುಂದೆ ಹೋಗುತ್ತಾಳೆ. ಕೊಬ್ಬು ಬಂದಿದೆ ಎಂದು ಯಾರೂ ಅಂದಿಲ್ಲ. ಟೀಚರಮ್ಮನಿಗೆ ಟೈಮಾಯಿತು ಅನ್ನುತ್ತಾರಂತೆ. ಕಾರಿಲ್ಲದ ನಾನು ತೋಟಕ್ಕೆ ನಡೆದೇ ಹೋಗುತ್ತೇನೆ. ಮೊನ್ನೆ ಅದೇ ಏರಿನಲ್ಲಿ ಪುಟ್ಟಸ್ವಾಮಣ್ಣ ತನ್ನ ಜೀಪ್ ತಂದು ನನ್ನ ಪಕ್ಕ ನಿಲ್ಲಿಸಿದ. ಎಂಜಿನ್ ಆಫ್ ಮಾಡಲಿಲ್ಲ. ನಾನು ಕಿಟಕಿಗೆ ಮೊಣಕೈ ಊರಿ ಆನೆಯ ಹೊಸ ಸುದ್ದಿ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಅವನು ಗಾಳಿ ಮೂಸಿ, "ಅಯ್ಯೋ ಮಾರಾಯ, ನಿನ್ನ ಕಾರಿನ ರೋಗ ನನ್ನ ಜೀಪಿಗೂ ಬಂದೈತಲ್ಲ!" ಎಂದು ಗಾಬರಿಯಾದ.

ಇಲಿ ಇರಬಹುದು, ಮೆಕ್ಯಾನಿಕ್‌ಗೆ ತೋರಿಸು ಅಂದೆ. ನಿಜ ಹೇಳಿದ್ದರೆ ಅವನು ಹೊರಟುಬಿಡುತ್ತಿದ್ದ. ನನ್ನ ಆನೆ ಆಗಿನ್ನೂ ಹಳ್ಳ ದಾಟಿರಲಿಲ್ಲ.