ಆಂಪ್ಲಿಫೈಯರಿನೊಳಗೆ ಫರಸಿ ಕಲ್ಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಂಪ್ಲಿಫೈಯರಿನ ಹೊಟ್ಟೆಯೊಳಗೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ತುಂಡು ಇಟ್ಟು ಸ್ಕ್ರೂ ಬಿಗಿದವನು ನಾನೇ. ಜಗತ್ತಿನಲ್ಲಿ ಬೇರೆ ಯಾರಾದರೂ ಈ ಕೆಲಸ ಮಾಡಿದ್ದರೆ ಮುಂದೆ ಬರಲಿ, ಕೈ ಹಿಡಿದು ಕೂಡಿಸಿ ಚಹಾ ಕುಡಿಸುತ್ತೇನೆ! ಆದರೆ ತಪ್ಪು ಪೂರ್ತಿ ನನ್ನದಲ್ಲ. ಅರ್ಧ ನಮ್ಮ ಕಾಕಾನದು. ಆಂಪ್ಲಿಫೈಯರನ್ನು ಕಲ್ಲಂಗಡಿ ಹಣ್ಣಿನ ಹಾಗೆ ಎತ್ತಿ, ತೂಗಿ, ಬೆರಳಿನಿಂದ ಬಡಿದು ಆರಿಸುವ ಮನುಷ್ಯ ಇಡೀ ಗೋವಾದಲ್ಲಿ ಅವನೊಬ್ಬನೇ. ಅಂಥವನ ಅಣ್ಣನ ಮಗನಾಗಿ ಹುಟ್ಟಿದವನು ಕಲ್ಲು ಇಡದೆ ಇನ್ನೇನು ಮಾಡಬೇಕು, ನೀವೇ ಹೇಳಿ?

ಕಾಕಾ ಫೋಂಡಾದಲ್ಲಿ ಸೆಂಟ್ರಿಂಗ್ ಕೆಲಸದವನು. ಸ್ಲ್ಯಾಬ್ ಹಾಕುವ ಮೊದಲು ಕೆಳಗೆ ಕಂಬ ಕೊಟ್ಟು ಹಲಗೆ ಹಾಸುತ್ತಾರಲ್ಲ, ಅದು. ಕಾಂಕ್ರೀಟು ಗಟ್ಟಿಯಾದ ಮೇಲೆ ಅವನು ಮಾಡಿದ್ದನ್ನೆಲ್ಲ ಅವನೇ ಕಿತ್ತು ಹಾಕಬೇಕು. ಹೀಗಾಗಿ ಇಪ್ಪತ್ತು ವರ್ಷ ದುಡಿದರೂ 'ಇದು ನಾ ಮಾಡಿದ್ದು' ಎಂದು ಬೆರಳು ಮಾಡಿ ತೋರಿಸಲು ಅವನಿಗೆ ಏನೂ ಇರಲಿಲ್ಲ. ನನಗೂ ಇರಲಿಲ್ಲ ಅನ್ನಿ. ನಾನು ಐಟಿಐನಲ್ಲಿ ವೈರ್‌ಮನ್ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ನಪಾಸಾಗಿ, ಊರಲ್ಲಿ ಮುಖ ತೋರಿಸಲಾಗದೆ ಕಾಕಾನ ಮನೆಗೆ ಬಂದು ಬಿದ್ದಿದ್ದೆ. ಕಾಕಾ ಮಾತ್ರ ಎಲ್ಲರ ಮುಂದೆ, "ನಮ್ಮ ಹುಡುಗ ಕರೆಂಟಿಂದು ಎರಡ ಸಲ ಓದ್ಯಾನ್ರಿ" ಎಂದು ಹೇಳಿಕೊಂಡು ಓಡಾಡುತ್ತಿದ್ದ.

ಇನ್ನು ಚಿಗವ್ವ, ಕಾಕಾನ ಹೆಂಡತಿ. ಎಂಟು ವರ್ಷ ಖಡಿ ಮಷಿನ್ನಿನ ಕೆಳಗೆ ಬುಟ್ಟಿ ಹೊತ್ತವಳು. ದಿನವಿಡೀ ಕಲ್ಲು ಜಗಿಯುವ ಆ ಮಷಿನ್ನು ಅವಳ ಕಿವಿಯನ್ನೂ ಸ್ವಲ್ಪ ಸ್ವಲ್ಪವಾಗಿ ಜಗಿದಿತ್ತು. ಇದು ಓಣಿಗೆ ಗೊತ್ತಿತ್ತು. ದವಾಖಾನೆಯ ಡಾಕ್ಟರಿಗೆ ಗೊತ್ತಿತ್ತು. ಚಿಗವ್ವನಿಗಂತೂ ಗೊತ್ತೇ ಇತ್ತು, ಮಾತಾಡುವವರ ತುಟಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಗೊತ್ತಿಲ್ಲದವನು ಕಾಕಾ ಒಬ್ಬನೇ.

"ಅಕಿ ಕಿವಿ ಚಲೋ ಅದಾವ. ರೇಡಿಯೋ ಸಣ್ಣದೈತಿ," ಎನ್ನುತ್ತಿದ್ದ.

"ಕಾಕಾ, ಡಾಕ್ಟರ್ ಹೇಳಿದ್ರಲ್ಲ..."

"ಡಾಕ್ಟರ್ ಏನ ಹೇಳ್ತಾನ? ಅವನ ಕೊಂಕಣಿ ನನಗ ತಿಳೀಲಿಲ್ಲ, ನನ್ನ ಕನ್ನಡ ಅವನಿಗೆ ತಿಳೀಲಿಲ್ಲ. ಹಂಗಾರ ನಾವಿಬ್ಬರೂ ಕಿವುಡರೇನ?"

ಹಿಂದಿನಿಂದ ನಾಲ್ಕು ಸಲ ಕೂಗಿದರೂ ಚಿಗವ್ವ ತಿರುಗಿ ನೋಡದಿದ್ದರೆ, ಕಾಕಾ ನನ್ನ ಕಡೆ ನೋಡಿ ಮೆಲ್ಲಗೆ, "ಇವತ್ತ ಸಿಟ್ಟಾಗ್ಯಾಳ ನೋಡು," ಎನ್ನುತ್ತಿದ್ದ. ಆ ಲೆಕ್ಕದಲ್ಲಿ ಚಿಗವ್ವ ಎರಡು ವರ್ಷದಿಂದ ಒಂದೇ ಸಮನೆ ಸಿಟ್ಟಿನಲ್ಲಿದ್ದಳು!

ಮೊದಲೆಲ್ಲ ಸಂಜೆ ಇಬ್ಬರೂ ಹೊಸ್ತಿಲಲ್ಲಿ ಕೂತು ರೇಡಿಯೋದಲ್ಲಿ ಭಜನೆ ಪದ ಕೇಳುತ್ತಿದ್ದರು. ಚಿಗವ್ವ ಜೊತೆಗೆ ಗುನುಗುತ್ತಿದ್ದಳು. ಗುನುಗು ನಿಂತಿದ್ದು ಕಾಕಾನಿಗೆ ಸಹಿಸಲಾಗಲಿಲ್ಲ. ಹಾಗಾಗಿ ಅವನು ಒಂದು ದೊಡ್ಡ ತೀರ್ಮಾನಕ್ಕೆ ಬಂದ: ಚಿಗವ್ವನ ಕಿವಿಗೆ ಸರಿಸಾಟಿಯಾದ ಸ್ಪೀಕರ್ ತಾನೇ ಮಾಡುವುದು. ಹೈ-ಫೈ.

ಹಲಗೆ ಸೆಂಟ್ರಿಂಗಿನ ಪ್ಲೈವುಡ್ಡು, ಅಲ್ಲಲ್ಲಿ ಸಿಮೆಂಟು ಅಂಟಿಕೊಂಡದ್ದು. ಒಳಗೆ ದನಿ ಹೊರಡಿಸುವ ಎರಡು ಕೋನು ಕಲಂಗುಟ್‌ನ ಒಂದು ಬೀಚ್ ಶ್ಯಾಕ್ ಹೋಟೆಲಿನವನು ಉಪ್ಪುಗಾಳಿಗೆ ಕೆಟ್ಟವೆಂದು ಬಿಸಾಡಿದ್ದವು. ಹರಿದ ಅಂಚಿಗೆ ಕಾಕಾ ಹಳೆಯ ಛತ್ರಿಯ ಬಟ್ಟೆ ಅಂಟಿಸಿದ. ದನಿ ಡಬ್ಬಿಯೊಳಗೆ ಗುಂಯ್ ಎನ್ನಬಾರದೆಂದು ಒಳಗೆ ಮೆತ್ತನೆಯದು ತುಂಬಬೇಕಂತೆ. ಮೊದಲು ತೆಂಗಿನ ನಾರು ತುಂಬಿದ. ಅದರಲ್ಲಿ ಇಲಿ ಸಂಸಾರ ಹೂಡಿತು. ಆಮೇಲೆ ಏನು ತುಂಬಿದ ಎಂದು ಹೇಳಲೇ ಇಲ್ಲ. ಚಿಗವ್ವ ಮಾತ್ರ ಚಳಿಗಾಲವಿಡೀ, "ನಮ್ಮವ್ವ ಹೊಲದು ಕೊಟ್ಟ ಕೌದಿ ಎಲ್ಲಿ ಹೋತು?" ಎಂದು ಟ್ರಂಕು ತಡಕಾಡುತ್ತಿದ್ದಳು.

ಅಂಗಳದಲ್ಲಿ ಮಾಡಿದ ಪೆಟ್ಟಿಗೆ ಮನೆಯ ಇಕ್ಕಟ್ಟಿನ ಬಾಗಿಲಲ್ಲಿ ಹಿಡಿಸಲಿಲ್ಲ. ಊರೆಲ್ಲರ ಸ್ಲ್ಯಾಬನ್ನು ಅಳತೆ ಮಾಡುವವನು ತನ್ನ ಬಾಗಿಲನ್ನು ಅಳೆದಿರಲಿಲ್ಲ! ಪೆಟ್ಟಿಗೆ ಸಣ್ಣದು ಮಾಡೋಣ ಎಂದೆ. ಕಾಕಾ ಬಾಗಿಲಿನ ಚೌಕಟ್ಟು ಬಿಚ್ಚಿದ. ಸರಿಯಾಗಿ ಅದೇ ಹೊತ್ತಿಗೆ ಬಂದ ಮನೆಯ ಮಾಲೀಕರು, "ಹೆಂ ಕಿತೆಂ ರೆ?" ಇದೇನೋ ಇದು ಎಂದು ಕಿರುಚಿದರು.

"ಗಾಳಿ ಆಡಾಕ ಬಿಚ್ಚೇನ್ರಿ," ಎಂದ ಕಾಕಾ.

ಹೀಗೆ ಸ್ಪೀಕರು ಒಳಗೆ ಬಂದವು. ಈಗ ಬೇಕಾದದ್ದು ಅವುಗಳಿಗೆ ಒಪ್ಪುವ, ಕಾಕಾನ ಎರಡು ವಾರದ ಪಗಾರಕ್ಕೆ ಸಿಗುವ ಒಂದು ಆಂಪ್ಲಿಫೈಯರು. ಇದೇನು ಮಹಾ ಎಂದುಕೊಂಡಿರಾ? ಆರು ತಿಂಗಳು ಹುಡುಕಿದೆವು! ಮಗಳಿಗೆ ವರ ನೋಡಲು ಹೋದವರು ಹುಡುಗಿಯನ್ನು ಜೊತೆಗೆ ಒಯ್ಯುವುದಿಲ್ಲ. ಕಾಕಾ ಮಾತ್ರ ಒಂದು ಸ್ಪೀಕರನ್ನು ಬಸ್ಸಿನಲ್ಲಿ ಹೇರಿಕೊಂಡು ಅಂಗಡಿಗೆ ಒಯ್ಯುತ್ತಿದ್ದ. ಒಮ್ಮೆ ಕಂಡಕ್ಟರ್ ಪೆಟ್ಟಿಗೆಗೂ ಫುಲ್ ಟಿಕೆಟ್ ಹರಿದ. ಕಾಕಾ ಜಗಳವಾಡಲಿಲ್ಲ. "ಟಿಕೀಟ್ ತಗೊಂಡೈತಿ ಅಂದ್ರ ಸೀಟ ಬೇಕಲ್ರಿ?" ಎಂದು ಸ್ಪೀಕರನ್ನು ಕಿಟಕಿ ಪಕ್ಕ ಕೂಡಿಸಿ ತಾನು ಅದರ ಮಗ್ಗುಲಿಗೆ ಕೂತ. ಮಡಗಾಂವದವರೆಗೆ ನಿಂತುಕೊಂಡು ಹೋದವನು ಯಾರೆಂದು ಬೇರೆ ಹೇಳಬೇಕೇ?

ಅಂಗಡಿಯವರು ಸಾವಿರ ವಾಟ್ ಎಂದು ದೊಡ್ಡ ಅಕ್ಷರದಲ್ಲಿ ಬರೆದದ್ದನ್ನು ಮುಂದೆ ಇಡುತ್ತಿದ್ದರು. ಕಾಕಾ ಅಕ್ಷರ ಓದುತ್ತಲೇ ಇರಲಿಲ್ಲ. ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಕೆಳಗಿಡುತ್ತಿದ್ದ. "ಖಾಲಿ ಡಬ್ಬಿ ಐತ್ರಿ. ಒಳಗ ಟ್ರಾನ್ಸ್‌ಫಾರ್ಮರ್ ದಪ್ಪ ಇದ್ರ ತೂಕ ಬರ್ತೈತಿ. ಇದು ಒದರತೈತಿ, ಆದ್ರ ದಬ್ಬಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಏ, ಓಮ್ ಎಷ್ಟು ಕೇಳು" ಎನ್ನುತ್ತಿದ್ದ. ಓಮ್ ಎಂದರೆ ಏನೆಂದು ನೆನಪಿದ್ದರೆ ನಾನು ನಪಾಸೇಕೆ ಆಗುತ್ತಿದ್ದೆ? ಆದರೂ ಗಂಭೀರವಾಗಿ ಕೇಳುತ್ತಿದ್ದೆ. ಅಂಗಡಿಯವರು ಎಂಟು ಎಂದರೆ "ಕಡಿಮಿ ಆತು" ಎನ್ನುತ್ತಿದ್ದೆ, ನಾಲ್ಕು ಎಂದರೆ "ಹೆಚ್ಚಾತು" ಎನ್ನುತ್ತಿದ್ದೆ. ಕಾಕಾ ನನ್ನನ್ನು ನೋಡಿ ಹೆಮ್ಮೆಯಿಂದ ತಲೆಯಾಡಿಸುತ್ತಿದ್ದ.

ಕೊನೆಗೆ ಕೊರ್ತಾಲಿಮ್‌ನಲ್ಲಿ ಒಬ್ಬ ರೇಡಿಯೋ ಮೆಕ್ಯಾನಿಕ್ ಸಿಕ್ಕ. ತಾನೇ ಜೋಡಿಸಿದ್ದ ಒಂದು ಕರಿ ಕಬ್ಬಿಣದ ಡಬ್ಬಿ ತೋರಿಸಿದ. ಮುಂದೆ ಒಂದೇ ಒಂದು ಗುಂಡಿ. ದೀಪವಿಲ್ಲ, ಹೆಸರಿಲ್ಲ, ರೂಪವಿಲ್ಲ. ಕಾಕಾ ಎತ್ತಿ ನೋಡಿದ. ಮುಖ ಅರಳಿತು. ಇನ್ನೊಮ್ಮೆ ಎತ್ತಿದ. ತೊಟ್ಟಿಲಿಗೆ ಹಾಕಿದ ಕೂಸನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರಲ್ಲ, ಹಾಗೆ. "ಇದ ನೋಡು ಆಂಪ್ಲಿಫೈಯರ್ ಅಂದ್ರ. ಇನ್ನ ನೋಡ್ತೇನಿ ಅಕಿಗೆ ಹ್ಯಾಂಗ ಕೇಳಸಂಗಿಲ್ಲ ಅಂತ."

ಮುಂಗಡ ಕೊಟ್ಟು ಬಂದ. ಆದರೆ ತರುವ ದಿನವೇ ಸೈಟಿನಲ್ಲಿ ಸ್ಲ್ಯಾಬ್ ಹಾಕುವ ಕೆಲಸ ಬಂತು. ಕಾಂಕ್ರೀಟು ಸುರಿಯಲು ಶುರುವಾದರೆ ಸೆಂಟ್ರಿಂಗಿನವನು ಕೆಳಗಿನ ಕಂಬಗಳನ್ನು ಬಿಟ್ಟು ಅಲ್ಲಾಡುವ ಹಾಗಿಲ್ಲ. ಉಳಿದ ಹಣವನ್ನು ನನ್ನ ಕಿಸೆಗೆ ಹಾಕಿ, "ಹೋಗಿ ಆ ಕರೀದನ್ನ ಎತಗೊಂಡ ಬಾ. ದಾರ್‍ಯಾಗ ಎಲ್ಲೂ ಕೆಳಗ ಇಡಬ್ಯಾಡ," ಎಂದ.

ಹೋದೆ. ಕರಿ ಡಬ್ಬಿಯ ಪಕ್ಕದಲ್ಲಿ ಅದೇ ಬೆಲೆಯ ಇನ್ನೊಂದಿತ್ತು. ಬೆಳ್ಳಿ ಬಣ್ಣ. ಮುಂದೆ ಎರಡು ಸಾಲು ದೀಪ, ಹಸಿರು, ಹಳದಿ, ತುದಿಯಲ್ಲಿ ಕೆಂಪು. ಹಾಡು ಏರಿದರೆ ಏರುತ್ತವೆ, ಇಳಿದರೆ ಇಳಿಯುತ್ತವೆ. ಇಪ್ಪತ್ತು ವರ್ಷದ ಹುಡುಗ ನಾನು, ಆ ದೀಪಗಳ ಮುಂದೆ ನನ್ನ ಬುದ್ಧಿ ಎಷ್ಟು ಹೊತ್ತು ನಿಂತೀತು? ಮೆಕ್ಯಾನಿಕ್ ಒಳ್ಳೆಯವನು. "ತುಜ್ಯಾ ಕಾಕಾಕ್ ಹೆಂ ನಾಕಾ ರೆ," ನಿನ್ನ ಕಾಕಾನಿಗೆ ಇದು ಬೇಡವೋ ಎಂದು ಎರಡು ಸಲ ಹೇಳಿದ. ಕಾಕಾನೇ ಮನಸ್ಸು ಬದಲಿಸಿದ್ದಾನೆ ಎಂದು ಸುಳ್ಳು ಹೇಳಿ ತಂದೇಬಿಟ್ಟೆ.

ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡಾಗ ಬೆವರು ಬಂತು. ಒಣಗಿದ ರೊಟ್ಟಿಯಷ್ಟು ಹಗುರ! ಕಾಕಾ ಎತ್ತಿದರೆ ಮರುಕ್ಷಣವೇ ನನ್ನ ಕಥೆ ಮುಗಿದಂತೆ. ಆಗ ಹೊಳೆದದ್ದೇ ಫರಸಿ ಕಲ್ಲು. ಸೈಟಿನ ಹಿಂದೆ ನೆಲಕ್ಕೆ ಹಾಸಿ ಉಳಿದ ತುಂಡುಗಳು ಬಿದ್ದಿದ್ದವು. ಅಳತೆಗೆ ಸರಿಯಾದದ್ದೊಂದನ್ನು ಪೇಪರಿನಲ್ಲಿ ಸುತ್ತಿ, ಹಿಂದಿನ ಮುಚ್ಚಳ ಬಿಚ್ಚಿ ಒಳಗಿಟ್ಟು ಬಿಗಿದೆ. ಐಟಿಐ ಬಿಟ್ಟ ಮೇಲೆ ನಾನು ಮಾಡಿದ ಮೊದಲ ವಿದ್ಯುತ್ ಕೆಲಸ ಅದು.

ಕಾಕಾ ದೀಪ ನೋಡಿ ಮುಖ ಸಿಂಡರಿಸಿದ. "ಇದೇನಲೇ, ಮದುವಿ ಮಂಟಪ?"

"ಕರೀದು ಕೆಟ್ಟಿತ್ತು ಕಾಕಾ. ಇದು ಅದಕ್ಕಿಂತ ಭಾರೀ ಐತಿ. ಎತ್ತಿ ನೋಡು."

ಎತ್ತಿದ. ಕಣ್ಣು ಮುಚ್ಚಿದ. "ಹಾಂ," ಎಂದ. "ತೂಕ ಐತಿ ಖರೇ."

ರವಿವಾರ ಬೆಳಿಗ್ಗೆ ಓಣಿಯವರೆಲ್ಲ ಸೇರಿದರು. ಎರಡು ಪೆಟ್ಟಿಗೆಗಳ ನಡುವೆ, ಆಂಪ್ಲಿಫೈಯರಿಗೆ ಎದುರಾಗಿ ಚಿಗವ್ವನನ್ನು ಮಣೆಯ ಮೇಲೆ ಕೂಡಿಸಿ ಕಾಕಾ ಓಣಿಯವರೊಬ್ಬರ ಟೇಪ್ ರೆಕಾರ್ಡರ್ ಜೋಡಿಸಿ ಭಜನೆ ಪದದ ಕ್ಯಾಸೆಟ್ ಹಾಕಿದ. ದೀಪಗಳು ಕುಣಿದವು. ಕಾಕಾ ಹಾಡು ಕೇಳಲಿಲ್ಲ, ಹೆಂಡತಿಯ ಮುಖವನ್ನೇ ನೋಡುತ್ತ ನಿಂತ. ಚಿಗವ್ವ ಮೊದಲು ಸೆರಗು ಸರಿ ಮಾಡಿಕೊಂಡಳು. ಆಮೇಲೆ ನಿಧಾನ ತಲೆ ತೂಗತೊಡಗಿದಳು. ಹಾಡು ಏರಿದಾಗ ಹುಬ್ಬೇರಿಸಿದಳು. ಮುಗಿದ ತಕ್ಷಣ, "ಚಲೋ ಹೇಳ್ಯಾರ ಬಿಡ್ರಿ," ಎಂದಳು.

ಕಾಕಾ ಓಣಿಯವರ ಕಡೆ ತಿರುಗಿದ. "ಏನ್ ಹೇಳ್ತಿದ್ದೆ ನಾ? ಕಿವಿ ಚಲೋ ಅದಾವ, ರೇಡಿಯೋ ಸಣ್ಣದಿತ್ತು!" ಅವನ ದನಿ ಒಡೆಯಿತು. ಅದನ್ನು ಮುಚ್ಚಲು, ಮುಂದಿನ ಪದ ಶುರುವಾಗುತ್ತಲೇ ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟ.

ಖಟ ಖಟ ಖಟ ಖಟ!

ಭಜನೆಯಲ್ಲಿ ಇಲ್ಲದ ವಾದ್ಯ ಅದು. ಕಾಕಾ ಕರೆಂಟು ತೆಗೆದು ಮುಚ್ಚಳ ಬಿಚ್ಚಿದ. ಪೇಪರು ಬಿಚ್ಚಿದ. ಕಲ್ಲನ್ನು ಅಂಗೈ ಮೇಲೆ ಇಟ್ಟುಕೊಂಡು ತೂಗಿ ನೋಡಿದ.

"ಇದು ಯಾವ ಪಾರ್ಟಪ್ಪ?"

ನಾನು ಬಿಚ್ಚಿ ಬಿದ್ದಿದ್ದ ಸ್ಕ್ರೂಗಳನ್ನು ಆರಿಸತೊಡಗಿದೆ.

"ಎರಡ ಸಲ ಓದೀಯಲ್ಲ, ಹೇಳು. ಫರಸಿ ಕಲ್ಲಿಗೆ ಎಷ್ಟ ಓಮ್?"

ಓಣಿ ಬಿದ್ದು ಬಿದ್ದು ನಕ್ಕಿತು. ಕಾಕಾ ನಗಲಿಲ್ಲ. ಈ ಮದುವೆ ಮಂಟಪವನ್ನು ಈಗಿಂದೀಗಲೇ ಕೊರ್ತಾಲಿಮ್‌ಗೆ ವಾಪಸ್ ಒಯ್ದು ಕರಿ ಡಬ್ಬಿ ತರುತ್ತೇನೆಂದು ಅಂಗಿ ಹಾಕಿಕೊಂಡ. ಆಗ ಚಿಗವ್ವ ಎದ್ದು ಬಾಗಿಲಿಗೆ ಅಡ್ಡ ನಿಂತಳು. ಕಾಕಾ ಅಗಲ ಮಾಡಿದ್ದ ಬಾಗಿಲು, ಪೂರ್ತಿ ಅಡ್ಡವಾಗಲು ಅವಳು ಎರಡೂ ಕೈ ಚಾಚಬೇಕಾಯಿತು.

"ಇದ ಇರಲಿ. ಇದರಾಗ ನನಗ ಚಲೋ ಕೇಳಸ್ತೈತಿ."

"ಅದರಾಗ ಇನ್ನೂ ಚಲೋ..."

"ಇದ ಇರಲಿ ಅಂದ್ನೆಲ್ಲ?"

ಆರು ತಿಂಗಳಲ್ಲಿ ಯಾವ ಅಂಗಡಿಯವನಿಗೂ ಸೋಲದ ಕಾಕಾ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ.

ನನ್ನ ಎದೆ ಎರಡು ಇಂಚು ಉಬ್ಬಿತು. ಕಲ್ಲಿನ ವಿಷಯ ಬಿಡಿ, ಆಂಪ್ಲಿಫೈಯರಿನ ಆಯ್ಕೆಯಲ್ಲಿ ಗೆದ್ದವನು ನಾನೇ ತಾನೆ? ಕಾಕಾ ಸಂತೆಗೆ ಹೋದ ಮೇಲೆ ಹಿತ್ತಿಲಲ್ಲಿ ಅಕ್ಕಿ ತೊಳೆಯುತ್ತಿದ್ದ ಚಿಗವ್ವನ ಎದುರು ಹೋಗಿ ಕೂತೆ. ಅವಳಿಗೆ ಕಾಣುವ ಹಾಗೆ ತುಟಿ ಅಗಲ ಮಾಡಿ, "ಖರೇ ಹೇಳು ಚಿಗವ್ವ, ನಾ ತಂದದ್ದ ಚಲೋ ಐತಿಲ್ಲೊ?" ಎಂದೆ.

ಚಿಗವ್ವ ಸಂತೆಯ ದಾರಿಯ ಕಡೆ ಒಮ್ಮೆ ನೋಡಿದಳು.

"ನನಗ ಒಂದ ಅಕ್ಷರ ಕೇಳಸಲಿಲ್ಲೋ ತಮ್ಮಾ. ಆ ದೀಪ ಏರಿದ್ರ ನಾ ತಲಿ ತೂಗ್ತೇನಿ, ನಿಂತವು ಅಂದ್ರ ಚಲೋ ಹೇಳ್ಯಾರ ಅಂತೇನಿ. ಅವರಿಗೆ ಹೇಳಬ್ಯಾಡ ಮತ್ತ. ನೀ ಆ ಕರೀ ಡಬ್ಬಿ ತಂದಿದ್ರ ಇವತ್ತ ಎಲ್ಲಾರ ಮುಂದ ಸಿಕ್ಕ ಬೀಳ್ತಿದ್ದೆ."